ಎಡಗೈಯೆಂಬ ನಮೂದು

ಆಲಿವ್ ಕೊಯ್ಲಿನ ಎರಡನೆಯ ವಾರ. ಠಾಣೆಯ ಎದುರಿನ ತೋಟದಲ್ಲಿ ಹೆಂಗಸರು ಮರದಡಿ ಬಲೆ ಹಾಸಿ, ಬೆರಳಿಗೆ ಆಡಿನ ಕೊಂಬು ತೊಟ್ಟು ಕೊಂಬೆ ಬಾಚುತ್ತಿದ್ದರು. ಡಿಸೆಂಬರ್ ಒಂಬತ್ತು, ಬೆಳಿಗ್ಗೆ 10.20ಕ್ಕೆ ಆಲಿವ್ ಬೆಳೆಗಾರ ಮುಂಜಿ ದೂರು ಕೊಡಲು ಬಂದ. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಅವನ ತಾಯಿ ಮಹ್ಬೂಬಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದಳು. ಹಿಂದಿನ ದಿನ ಮಧ್ಯಾಹ್ನ ಹೆಪ್ಪು ಶ್ವಾಸಕೋಶಕ್ಕೆ ಏರಿ ಉಸಿರುಕಟ್ಟಿ ಸತ್ತಳು. ಸಂಜೆಯೇ ದಫನವಾಯಿತು.

"ಹೆಪ್ಪು ಕರಗೋ ಔಷಧೀನ ಡಾಕ್ಟರೇ ನಿಲ್ಲಿಸಿದ, ಸಾಹೇಬರೇ. ಬರ್ಕೊಳ್ಳಿ. ನಿಮ್ಮ ಲಮ್ಜದ್ ಕಾಫಿ ಮುಗಿಸೋದರೊಳಗೆ ನನ್ನ ಮರದ ಕಾಯೆಲ್ಲ ಉದುರುತ್ತೆ."

ಪೇದೆ ಲಮ್ಜದ್ ಲೋಟ ಕೆಳಗಿಟ್ಟ.

"ಬೇರೆ ಯಾರ ಮೇಲಾದರೂ ಗುಮಾನಿ?" ಇನ್ಸ್‌ಪೆಕ್ಟರ್ ಹೇದಿ ಕೇಳಿದರು.

"ಯಾರಿದ್ದಾರೆ? ನರ್ಸ್ ದಲಿಂದಾ ಅಂತೂ ಅಮ್ಮನ ಮಂಚ ಬಿಟ್ಟು ಕದಲಲಿಲ್ಲ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಆಸ್ಪತ್ರೆಯ ದಾಖಲೆ ಪುಸ್ತಕವನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಔಷಧಿ ಶುರುವಾದ ಮೇಲೆ ಮಹ್ಬೂಬಾಳಿಂದ ಆರು ಸಲ ರಕ್ತ ತೆಗೆದ ನಮೂದಿತ್ತು. ಆರೂ ಒಂದೇ ಕೈಬರಹ: ‘ಎಡಗೈ ರಕ್ತನಾಳದಿಂದ. ದಲಿಂದಾ.’

"ಪ್ರತಿ ಸಲವೂ ರಕ್ತ ತೀರಾ ತೆಳು ಅಂತ ಬಂತು," ಎಂದ ಡಾಕ್ಟರ್. "ರಕ್ತ ಸೋರೀತು ಅಂತ ಔಷಧಿ ಕಡಿಮೆ ಮಾಡ್ತಾ ಬಂದೆ. ನಿನ್ನೆ ನಿಲ್ಲಿಸಿದೆ."

"ಕಡಿಮೆ ಮಾಡಿದರೂ ತೆಳುವಾಗೇ ಇತ್ತಾ?"

ಡಾಕ್ಟರ್ ಹೌದೆಂದು ತಲೆಯಾಡಿಸಿದ. ಪಕ್ಕದಲ್ಲಿದ್ದ, ರಕ್ತ ಪರೀಕ್ಷಿಸುವ ಶಾದ್ಲಿ ವಿವರಿಸಿದ. "ಕುತ್ತಿಗೆಗೆ ಹಾಕಿದ ನಳಿಗೆಯಿಂದ ತೆಗೆದ್ರೆ ಹಾಗೆ ಬರುತ್ತೆ. ಔಷಧಿ ಮೈಗೆ ಹೋಗೋದೂ ಅದರಲ್ಲೇ. ಎಣ್ಣೆ ಕೊಡದಲ್ಲಿ ನೀರು ಹಿಡಿದ ಹಾಗೆ. ಎಷ್ಟು ತೊಳೆದರೂ ಒಂದಿಷ್ಟು ಅಂಟಿರುತ್ತೆ. ಅದಕ್ಕೇ ಕೈಗೆ ಚುಚ್ಚಿ ತೆಗೀಬೇಕು. ನಳಿಗೆಯಿಂದ ಅಂತ ಬರೆದಿದ್ರೆ ನಾನು ಆ ಲೆಕ್ಕ ನಂಬ್ತಿರಲಿಲ್ಲ."

ಹೇದಿ ಪುಸ್ತಕವನ್ನು ಮತ್ತೊಮ್ಮೆ ನೋಡಿದರು. ಆರು ಸಾಲುಗಳೂ ಒಂದೇ ಉಸಿರಿನಲ್ಲಿ ಬರೆದಷ್ಟು ನೇರವಾಗಿದ್ದವು.

ಮಧ್ಯಾಹ್ನ 2.30. ದಫನಕ್ಕೆ ಮುನ್ನ ಹೆಣ ತೊಳೆದ ಮುದುಕಿ ತುರ್ಕಿಯಾ ಅಂಗಳದಲ್ಲಿ ಕಾಯಿ ಆರಿಸುತ್ತಿದ್ದಳು.

"ಮಹ್ಬೂಬಾಳ ಕೈಗಳು ಹೇಗಿದ್ದವು, ಅಜ್ಜಿ?"

"ಬಲಗೈ ಬದನೆಕಾಯಿ ಬಣ್ಣ ಕಣಪ್ಪ. ಆಸ್ಪತ್ರೆ ಸೇರಿದಾಗ ಒಂದು ಸಲ ಚುಚ್ಚಿದ್ದಕ್ಕೇ ಹಾಗಾಯ್ತಂತೆ."

"ಎಡಗೈ?"

"ನಾದಿದ ಹಿಟ್ಟಿನ ಹಾಗೆ ಬಿಳುಪು. ಒಂದು ಚುಕ್ಕೆ ಇರಲಿಲ್ಲ." ಮುದುಕಿಯ ಬೆರಳು ನಿಂತವು. "ಯಾಕಪ್ಪ, ಏನಾಯ್ತು?"

ಹೇದಿ ಎದ್ದರು.

ಸಂಜೆ 4.10ಕ್ಕೆ ದಲಿಂದಾಳನ್ನು ಠಾಣೆಗೆ ಕರೆತಂದರು.

"ಎಡಗೈಗೆ ಎಷ್ಟು ಸಲ ಚುಚ್ಚಿದೆ?"

"ಒಂದು ಸಲವೂ ಇಲ್ಲ. ನಳಿಗೆಯಿಂದ ತೆಗೆದೆ. ಔಷಧಿ ಸ್ವಲ್ಪ ಹೊತ್ತು ನಿಲ್ಲಿಸಿ, ನಳಿಗೆ ತೊಳೆದು, ಮೊದಲ ರಕ್ತ ಚೆಲ್ಲಿದೆ. ಅಷ್ಟು ಸಾಕು ಅಂದ್ಕೊಂಡೆ."

"ಸುಳ್ಳು ಯಾಕೆ ಬರೆದೆ?"

"ನಿಜ ಬರೆದ್ರೆ ಮತ್ತೆ ಚುಚ್ಚು ಅನ್ನೋರು. ಬಲಗೈ ಕಪ್ಪಾದಾಗ ಮಹ್ಬೂಬಮ್ಮ ‘ಮಗಳೇ, ನೀನು ಚುಚ್ಚಬೇಡ ಕಣೇ’ ಅಂದಿದ್ದಳು. ನನ್ನ ಹೆತ್ತವಳು ಬಾಣಂತನದಲ್ಲೇ ಹೋದಳು, ಸಾಹೇಬರೇ. ಎರಡು ವರ್ಷ ಮಹ್ಬೂಬಮ್ಮನ ಎದೆಹಾಲು ಕುಡಿದವಳು ನಾನು. ಇಷ್ಟು ವರ್ಷದಲ್ಲಿ ಅವಳು ನನ್ನ ಕೇಳಿದ್ದು ಅದೊಂದೇ."

5.05ಕ್ಕೆ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ.

ಸುದ್ದಿ ತಿಳಿದು ಮುಂಜಿ ತೋಟದಿಂದ ಓಡಿ ಬಂದ. "ದೂರು ಹರಿದು ಹಾಕಿ, ಸಾಹೇಬರೇ."

"ಅದು ಇನ್ನು ನಿನ್ನ ಕೈಲಿಲ್ಲಪ್ಪ, ನನ್ನ ಕೈಲೂ ಇಲ್ಲ." ಹೇದಿ ಲೇಖನಿ ತೆಗೆದರು. "ಒಂದು ಕಾಲಂ ಖಾಲಿ ಇದೆ. ಆರೋಪಿ ನಿನಗೆ ಏನಾಗಬೇಕು?"

ಕಂಬಿಯ ಹಿಂದೆ ದಲಿಂದಾ ತಲೆ ಎತ್ತಲಿಲ್ಲ. ಮುಂಜಿ ಎಣ್ಣೆಜಿಡ್ಡಿನ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ.

"ತಂಗಿ," ಎಂದ ಕೊನೆಗೆ. "ಹಾಲು ಹಂಚಿಕೊಂಡ ತಂಗಿ."

ಹೇದಿ ‘ತಂಗಿ’ ಎಂದಷ್ಟೇ ಬರೆದರು. ಆ ಹಾಲಿನ ಋಣ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.