ಇಬ್ಬರ ಸಹಿ

ಐದನೇ ಸಲವೂ ಸಹಿ ಹಾಕುವುದಿಲ್ಲ ಎಂದರೆ ಆ ಮನುಷ್ಯನ ತಲೆಯ ಮೇಲೆ ಪೇಪರ್‌ವೆಯ್ಟ್ ಎತ್ತಿಹಾಕುವುದೇ ಸೈ ಎಂದು ತೀರ್ಮಾನಿಸಿಕೊಂಡೇ ನಾನು ಪ್ರಕಾಶಕರ ಕೋಣೆಯಲ್ಲಿ ಕಾಯುತ್ತಿದ್ದೆ.

ನನ್ನ ಅಪ್ಪ ಮತ್ತು ಆ ಮನುಷ್ಯನ ಸೋದರಮಾವ ಜೊತೆಯಾಗಿ ಹದಿನಾರು ಪತ್ತೇದಾರಿ ಕಾದಂಬರಿ ಬರೆದವರು. ಹದಿನೇಳನೆಯದರಲ್ಲಿ ಪತ್ತೇದಾರನಿಗೆ ಮದುವೆ ಮಾಡಬೇಕೋ ಬೇಡವೋ ಎಂದು ಜಗಳವಾಡಿ ಮಾತು ಬಿಟ್ಟರು, ಹಾಗೆಯೇ ತೀರಿಹೋದರು. ಉಯಿಲಿನ ಪ್ರಕಾರ ಅಪ್ಪನ ಹಕ್ಕು ನನಗೆ ಬಂತು, ಮಾವನದು ಅವನಿಗೆ. ಇಬ್ಬರೂ ಸಹಿ ಹಾಕದೆ ಒಂದು ಪುಟವೂ ಮರುಮುದ್ರಣವಾಗುವಂತಿಲ್ಲ.

ಎಂಟು ತಿಂಗಳಲ್ಲಿ ನಾಲ್ಕು ಸಲ ಸೇರಿದ್ದೆವು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅವನದು ಸಲಕ್ಕೊಂದು ತಕರಾರು. ಮುಖಪುಟದ ಬಣ್ಣ ಸರಿಯಿಲ್ಲ. ಮಾವನ ಹೆಸರು ಮೊದಲು ಬರಬೇಕು. ಒಪ್ಪಂದದ ಎಂಟನೇ ಷರತ್ತು ಅರ್ಥವಾಗಲಿಲ್ಲ. ಆಮೇಲೆ ಹೊರಗೆ ಬಂದು, "ಒಂದು ಕಾಫಿ ಕುಡೀತಾ ಮಾತಾಡೋಣ್ವಾ?" ಎನ್ನುತ್ತಿದ್ದ. ಪಶುವೈದ್ಯ, ಮುಂಗೈ ತುಂಬ ಬೆಕ್ಕು ಪರಚಿದ ಗೀರು. ಕಾಫಿ ಆರುವವರೆಗೂ ಆ ಗೀರುಗಳನ್ನೇ ನೋಡುತ್ತ ಕೂತಿರುತ್ತಿದ್ದೆ ಎಂಬುದು ನನ್ನ ಸಿಟ್ಟಿಗೆ ಇನ್ನೊಂದು ಕಾರಣ.

ಮನೆಯಲ್ಲಿ ಅಮ್ಮನ ಕಣ್ಣು ದಿನದಿನಕ್ಕೂ ಮಂಜಾಗುತ್ತಿತ್ತು. "ಪೂರ್ತಿ ಕತ್ತಲಾಗೋ ಮೊದ್ಲು ಹೊಸದಾಗಿ ಅಚ್ಚಾದ ನಿಮ್ಮಪ್ಪನ ಪುಸ್ತಕದಲ್ಲಿ ಒಂದು ಪುಟಾನಾದ್ರೂ ನಾನೇ ಓದ್ಬೇಕು ಕಣೇ," ಎನ್ನುತ್ತಿದ್ದಳು. ಕಣ್ಣಿನ ಡಾಕ್ಟರು ಕೊಟ್ಟಿದ್ದು ಇನ್ನೆರಡು ತಿಂಗಳು.

ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದ್ದರು. "ಇವತ್ತು ನಾಲ್ಕು ಗಂಟೆಗೆ ಮುಗೀಬೇಕು. ಇಲ್ಲಾಂದ್ರೆ ಕೈಬಿಡ್ತೀನಿ. ನಿಮ್ಮಿಬ್ಬರ ದೆಸೆಯಿಂದ ನನ್ನ ಬಿಪಿ ಏರಿದೆ."

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಬಂದ. ಎಂದೂ ಬಂದ ಕೂಡಲೇ ಓರೆಗಣ್ಣಲ್ಲಿ ನೋಡಿ ಹುಬ್ಬು ಹಾರಿಸುವವನು, ಇಂದು ನನ್ನ ಕಡೆ ತಿರುಗಲೇ ಇಲ್ಲ. ಒಪ್ಪಂದ ಎಳೆದುಕೊಂಡು ಪುಟಪುಟಕ್ಕೂ ಸಹಿ ಹಾಕಿದ. ಒಂದಕ್ಷರವನ್ನೂ ಓದಲಿಲ್ಲ. ನನ್ನ ಸಹಿ ಆಗಲೇ ಆಗಿತ್ತು. ಅವನ ಮನಸ್ಸು ಎಲ್ಲಿ ಬದಲಾಗುತ್ತದೋ ಎಂಬ ಭಯಕ್ಕೆ ಪ್ರಕಾಶಕರು ಕಾಗದ ಬಾಚಿಕೊಂಡು ಝೆರಾಕ್ಸ್ ಮಾಡಿಸಲು ಓಡಿದರು.

"ಎಂಟನೇ ಷರತ್ತು ಈಗ ಅರ್ಥ ಆಯ್ತಾ?" ಎಂದೆ.

"ಮೊದಲ ದಿನಾನೇ ಆಗಿತ್ತು."

"ಮತ್ತೆ?"

"ಸಹಿ ಹಾಕಿಬಿಟ್ರೆ ನಿಮಗೆ ನನ್ನ ಹತ್ರ ಏನು ಕೆಲಸ ಇರ್ತಿತ್ತು? ಅದಕ್ಕೇ ಎಳೆದೆ." ಅವನು ತಲೆ ಎತ್ತಲಿಲ್ಲ. "ನಿಮ್ಮಮ್ಮನ ಕಣ್ಣಿನ ವಿಷಯ ನಿನ್ನೆ ಪ್ರಕಾಶಕರು ಹೇಳಿದ್ರು. ಅಲ್ಲೀವರೆಗೂ ಗೊತ್ತಿರಲಿಲ್ಲ."

ನನಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದೇ ಮೈ ಉರಿದುಹೋಯಿತು.

"ನಿಮ್ಮ ಕಾಫಿಗೆ ನಮ್ಮಮ್ಮನ ಎಂಟು ತಿಂಗಳು ಹೋಯ್ತಲ್ರೀ! ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೆದರಿಕೆ. ಕಚ್ಚೋ ನಾಯಿಗೆ ಇಂಜೆಕ್ಷನ್ ಕೊಡೋದು ಇದಕ್ಕಿಂತ ಸುಲಭ."

ಅವನು ಇನ್ನೊಂದು ಕಾಗದವನ್ನು ನನ್ನ ಮುಂದಿಟ್ಟ. "ಅಧಿಕಾರಪತ್ರ. ಇನ್ಮೇಲೆ ನನ್ನ ಪಾಲಿನ ಸಹೀನೂ ನೀವೇ ಹಾಕ್ಬಹುದು. ಯಾವತ್ತೂ ನನ್ನ ದಾರಿ ಕಾಯ್ಬೇಕಾಗಿಲ್ಲ." ಎದ್ದು ಬಾಗಿಲ ಕಡೆ ನಡೆದ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನಕ್ಕೆ ಐವತ್ತು ಎದೆಗೂಡು ನೋಡುವ ನನಗೆ ಇವನ ಎದೆಯಲ್ಲಿದ್ದದ್ದು ಕಂಡಿರಲಿಲ್ಲ. ನನ್ನದೂ ಈಗ, ಅವನ ಬೆನ್ನು ನೋಡಿದಾಗಲೇ ತಿಳಿದದ್ದು. ಆ ಬಾಗಿಲು ದಾಟಿದರೆ ಇವನನ್ನು ಕರೆಯಲು ನನಗೆ ಯಾವ ನೆಪವೂ ಉಳಿಯುತ್ತಿರಲಿಲ್ಲ.

"ನಿಲ್ರೀ!"

ಕಾಗದ ಮಡಚಿ ಅವನ ಜೇಬಿಗೇ ತುರುಕಿದೆ. "ಇದು ನನಗೆ ಬೇಡ. ಪ್ರತಿ ಮರುಮುದ್ರಣಕ್ಕೂ ನೀವೇ ಬಂದು, ನನ್ನೆದುರು ಕೂತು ಸಹಿ ಹಾಕ್ಬೇಕು."

"ಅಂದ್ರೆ?"

"ಅಂದ್ರೆ ನನಗೂ ನೀವು ಬೇಕು. ಆದ್ರೆ ಸಿಟ್ಟು ಇಳಿದಿಲ್ಲ. ಅಮ್ಮ ಆ ಪುಟ ಓದೋವರೆಗೂ ಇಳಿಯೋದೂ ಇಲ್ಲ. ಈಗ ಮನೆಗೆ ನಡೀರಿ. ಇಷ್ಟು ತಡ ಯಾಕಾಯ್ತು ಅಂತ ಅವಳಿಗೆ ನೀವೇ ಹೇಳಿ."

ಅವನ ಮುಖ ಬಿಳುಚಿಕೊಂಡಿತು. "ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ, ಎದ್ದು ಬಂದು ಎದೆಗೆ ಒದ್ರೆ?"

"ಒದೀಲಿ," ಎಂದು ಅವನ ತೋಳು ಹಿಡಿದು ಹೊರಟೆ. "ನಾನು ಪಕ್ಕದಲ್ಲೇ ಇರ್ತೀನಿ."