ಅಜೀಜಾ ತಂದ ರಾಟೆಯ ಉರುಳೆ

ಶಿಡ್ಲಘಟ್ಟದವನಾದರೂ ರೇಷ್ಮೆಗೂಡು ಬೇಯಿಸುವ ನಾತ ನನಗೆ ಆಗುತ್ತಿರಲಿಲ್ಲ. ಬೇಯಿಸಿದ ಗೂಡಿನಿಂದ ನೂಲು ಸುತ್ತುವ ರಾಟೆಗಳಿದ್ದ ಬೀದಿಯಲ್ಲಿ ಮೂಗು ಮುಚ್ಚಿಕೊಂಡೇ ನಡೆಯುತ್ತಿದ್ದೆ. ೧೯೯೧ರಲ್ಲಿ ಆ ಬೀದಿಯ ಅಜೀಜಾ, ತೀರಿಕೊಂಡ ತಾಯಿಯ ರಾಟೆಯಿಂದ ಮರದ ಉರುಳೆಯೊಂದನ್ನು ಬಿಚ್ಚಿಸಿ ನನ್ನ ಗಡಿಯಾರದ ಅಂಗಡಿಗೆ ತಂದಳು.

"ಅಣ್ಣಾ, ರಾಟೆ ತಿರುಗಿಸ್ತಾ ಅಮ್ಮಿ ಒಂದು ಜೋಗುಳ ಹಾಡ್ತಿದ್ರು. ಅದನ್ನ ನುಡಿಸೋ ಪೆಟ್ಟಿಗೆ ಮಾಡ್ಕೊಡಿ."

ಅವಳು ಗುನುಗಿದ ಸ್ವರಗಳಿಗೆ ತಕ್ಕಂತೆ ಉರುಳೆಗೆ ಸಣ್ಣ ಮೊಳೆಗಳನ್ನು ಹೊಡೆದೆ. ಅವು ಮೀಟಲೆಂದು ಗಡಿಯಾರದ ಸ್ಪ್ರಿಂಗನ್ನು ಬಾಚಣಿಗೆಯಂತೆ ಹಲ್ಲುಹಲ್ಲಾಗಿ ಕತ್ತರಿಸಿದೆ. ತಾಯಿ ತೀರಿಕೊಂಡ ಮೇಲೆ ಎರಡು ವರ್ಷ ಅಟ್ಟದಲ್ಲಿದ್ದ ಒಣಮರ ಅದು. ಆದರೂ ಪ್ರತಿ ಮೊಳೆಯ ಬುಡದಲ್ಲೂ ಹಳದಿ ನೀರು ಒಸರಿತು. ಅದೇ ನಾತ. ಒರೆಸಿದರೆ ಬಟ್ಟೆ ಬೆಚ್ಚಗಾಯಿತು.

ಪೆಟ್ಟಿಗೆ ಸಿದ್ಧವಾದ ದಿನ ಮಧ್ಯಾಹ್ನ ಅವಳೆದುರೇ ಕೀಲಿ ತಿರುಗಿಸಿದೆ. ಜೋಗುಳ ಹೊರಟಿತು, ಆದರೆ ನಡುನಡುವೆ ಸ್ವರ ಮಂಕಾಗುತ್ತಿತ್ತು. ನೋಡಿದರೆ ಹಲ್ಲುಗಳಲ್ಲಿ ನೆನೆದು ಬಿಳಿಚಿದ ಚರ್ಮದ ಚೂರುಗಳು ಸಿಕ್ಕಿಕೊಂಡಿದ್ದವು. ಚಿಮಟದಿಂದ ಕಿತ್ತೆ. ಮತ್ತೆ ತಿರುಗಿಸಿದರೆ ಮತ್ತೆ ಅಷ್ಟೇ ಚೂರುಗಳು.

ಅಜೀಜಾ ಹಿಂದೆ ಸರಿದಳು. "ಕುದಿಯೋ ನೀರಿಗೆ ಕೈ ಹಾಕಿ ಹಾಕಿ ಅಮ್ಮಿ ಬೆರಳಿನ ಚರ್ಮ ಹಿಂಗೇ ಕಿತ್ತು ಬರ್ತಿತ್ತು. ನಂಗೆ ಬೇಡಣ್ಣಾ."

ಪೆಟ್ಟಿಗೆಯನ್ನು ಅಂದೇ ಸುಟ್ಟುಹಾಕಿದೆ. ಜನ್ಮದಲ್ಲಿ ಗೂಡು ಬೇಯಿಸಿದವನಲ್ಲ ನಾನು. ಆದರೂ ಪ್ರತಿ ಬೆಳಿಗ್ಗೆ ನನ್ನ ಹತ್ತು ಬೆರಳುಗಳ ತುದಿಗಳು ನೆನೆದು ಬಿಳಿಚಿರುತ್ತವೆ. ನಾನು ಮುಟ್ಟಿದ ಅನ್ನವನ್ನು ಹೆಂಡತಿ ಇವತ್ತಿಗೂ ಉಣ್ಣುವುದಿಲ್ಲ.