ಮೇಲಿನ ಬರ್ತ್

ಎರಡನೆಯ ಸಂದೇಶ ಬಂದಾಗ ಸರಸ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಫೋನಿನ ಮೇಲೆ ಅದೇ ಗುರುತಿಲ್ಲದ ನಂಬರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ.

'ನಿನ್ನೆ ರೈಲಿನ ಒಂಬತ್ತನೇ ಬೋಗಿಯಲ್ಲಿ, ಕೆಳಗಿನ ಬರ್ತ್‌ನಲ್ಲಿ ನಿಮ್ಮ ಮಗಳು ಮಲಗಿದ್ದಳು. ಅವಳ ಮೇಲಿನ ಬರ್ತ್ ನನ್ನದು. ಪರದೆ ಸರಿಸಿ ನೋಡಿದೆ. ಅವಳಿಗೆ ಎಚ್ಚರವಾಗಲಿಲ್ಲ. ಕರೆಸಿಕೊಳ್ಳಿ. ಪೊಲೀಸರಿಗೆ ಹೇಳಿದರೆ ಅವಳು ಸಿಗುವುದಿಲ್ಲ.'

ಸಾಸಿವೆ ಸೀದು ಹೊಗೆ ಎದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

ಮಗಳು ಶ್ರೀಗೌರಿ ತೈವಾನಿನ ತೈನಾನ್ ಊರಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಎಂಎಸ್‌ಸಿ ಓದುತ್ತಿದ್ದಳು. ಜನವರಿಯ ರಜೆಗೆ ಒಬ್ಬಳೇ ಹೊರಟಿದ್ದಳು. ಬ್ಯಾಂಕಾಕಿಗೆ ಅಗ್ಗದ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಚಿಯಾಂಗ್ ಮಾಯ್, ಆಮೇಲೆ ಬಸ್ಸು, ಕೊನೆಗೆ ಎರಡು ದಿನದ ದೋಣಿಯಲ್ಲಿ ಲಾವೋಸ್. ತಂಗುವುದು ಎಂಟೆಂಟು ಮಂಚದ ಹಾಸ್ಟೆಲುಗಳಲ್ಲಿ. ಅಪ್ಪನಿಗೆ ಹೇಳಿದರೆ ಬಿಡುವುದಿಲ್ಲ ಎಂದು ಅಮ್ಮನಿಗೆ ಮಾತ್ರ ಹೇಳಿದ್ದಳು. ಸರಸ ಅದೆಲ್ಲವನ್ನೂ, ರೈಲಿನ ಬೋಗಿ, ಬರ್ತ್ ಸಮೇತ, ಒಂದು ಹಾಳೆಯಲ್ಲಿ ಬರೆದುಕೊಂಡು ಬೀರುವಿನ ಸೀರೆಗಳ ನಡುವೆ ಇಟ್ಟಿದ್ದಳು.

ಮೊದಲ ಸಂದೇಶ ಎರಡು ದಿನದ ಹಿಂದೆ ಬಂದಿತ್ತು. ಮಗಳ ಪಾಸ್‌ಪೋರ್ಟಿನ ಚಿತ್ರ, ಕೆಳಗೆ ಒಂದೇ ಸಾಲು: 'ಒಬ್ಬಳೇ ಹೊರಟಿದ್ದಾಳೆ. ಹಿಂದೆ ನಾನಿದ್ದೇನೆ.' ಆಗ ಗಂಡನಿಗೆ ಹೇಳದೆ ವಿಧಿಯಿರಲಿಲ್ಲ.

ಅರಕಲಗೂಡಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ಸಂಪತ್ಕುಮಾರ ಈಗ ಎರಡನೆಯದನ್ನು ಓದಿ ಕುರ್ಚಿಗೆ ಕುಸಿದ. ಕೈ ನಡುಗುತ್ತಿತ್ತು.

"ಕರೆಸ್ಕೋ ಸರಸ. ಇವತ್ತೇ ಕರೆಸ್ಕೋ. ಓದು ಗೀದು ಏನೂ ಬೇಡ."

"ಪೊಲೀಸರಿಗೆ—"

"ಬೇಡ! ಏನು ಬರೆದಿದಾನೆ ನೋಡ್ಲಿಲ್ವಾ?"

ಅವನು ಕಾಲೇಜಿಗೆ ರಜೆ ಹಾಕಿದ. ಸರಸ ಶಾಲೆಗೆಂದು ಹೇಳಿ ಹೊರಟವಳು ಹೊಳೆನರಸೀಪುರದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತವಳ ಕಣ್ಣ ಮುಂದೆ ಒಂದೇ ಚಿತ್ರ. ಪರದೆ ಸರಿಸುವ ಒಂದು ಕೈ.

ಹೊಳೆನರಸೀಪುರದಲ್ಲಿ ಚೆನ್ನಯ್ಯ ಇದ್ದ. ಮೂವತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಎಎಸ್‌ಐ ಆಗಿ ನಿವೃತ್ತನಾದವನು. ಅವನ ಮಗಳಿಗೆ ಸರಸ ಗಣಿತ ಹೇಳಿಕೊಟ್ಟಿದ್ದಳು.

ಚೆನ್ನಯ್ಯ ಕನ್ನಡಕ ಏರಿಸಿ ಎರಡೂ ಸಂದೇಶಗಳನ್ನು ಮೂರು ಸಲ ಓದಿದ.

"ನಂಬರು ನಮ್ಮ ದೇಸದ್ದೇ ಕಣ್ರವ್ವ. ಫೋನ್ ಮಾಡಿದ್ರಾ?"

"ಸ್ವಿಚ್ ಆಫ್."

"ಭಾಸೆನೂ ನಮ್ದೇ. ಅಂದ್ರೆ ಗೊತ್ತಿರೋನೇ. ಟೀಚರಮ್ಮ, ನಿಮ್ ಮಗೀನ ಮ್ಯಾಲೆ ಯಾರ್ಗಾದ್ರೂ ಕಣ್ಣಿತ್ತಾ?"

ಇತ್ತು. ಚನ್ನರಾಯಪಟ್ಟಣದ ನಾಗೇಶ್, ಡಿಗ್ರಿಯಲ್ಲಿ ಅವಳ ಸಹಪಾಠಿ. ಮದುವೆಯಾಗು ಎಂದು ಹಿಂದೆ ಬಿದ್ದಿದ್ದ. ಒಪ್ಪದಿದ್ದಾಗ ಕೆಟ್ಟ ಕೆಟ್ಟದಾಗಿ ಬರೆದಿದ್ದ.

"ಅವನಿಗೆ ಈ ರೈಲಿನ ಇಸ್ಯ ಗೊತ್ತಾ?"

"ಹೇಗೆ ಗೊತ್ತಾಗುತ್ತೆ? ಅವಳು ಅವನ ನಂಬರನ್ನೇ ಬ್ಲಾಕ್ ಮಾಡಿದಾಳೆ."

"ಪಾಸ್‌ಪೋರ್ಟ್ ಕಾಪಿ ಯಾರ್ ತಾವ ಐತೆ?"

"ಕೇದಾರ್ ಹತ್ರ. ನಮ್ಮಣ್ಣನ ಮಗ. ಹಾಸನದಲ್ಲಿ ವಿದೇಶದ ಓದಿಗೆ ಕಳಿಸೋ ಆಫೀಸು ಇಟ್ಟಿದಾನೆ. ವೀಸಾ ಮಾಡಿಸಿದ್ದು ಅವನೇ. ಅವಳ ಕಾರ್ಡು ನಡೀದೆ ಇದ್ದಾಗ ರೈಲಿನ ಟಿಕೆಟ್ ತೆಗೆದದ್ದೂ ಅವನೇ."

ಹೇಳುತ್ತ ಹೇಳುತ್ತ ಅವಳಿಗೇ ಭಯವಾಯಿತು. ಕೇದಾರ್? ತನ್ನ ಮಡಿಲಲ್ಲಿ ಆಡಿದ ಹುಡುಗ?

"ಮನೇಲಿ ಕಾಪಿ ಇಲ್ವಾ?"

"ಇದೆ. ಬೀರುನಲ್ಲಿ, ಅವಳ ಪ್ರಯಾಣದ ವಿವರ ಬರೆದಿಟ್ಟ ಹಾಳೆ ಜೊತೆಗೆ."

ಅಷ್ಟರಲ್ಲಿ ಫೋನು ಕಂಪಿಸಿತು. ಮೂರನೆಯ ಸಂದೇಶ.

'ಮುಂದೆ ದೋಣಿ. ನದಿ ಬಹಳ ಆಳ.'

ಸರಸ ಬಾಯಿಗೆ ಸೆರಗು ಒತ್ತಿಕೊಂಡಳು. ಚೆನ್ನಯ್ಯ ತಾನೇ ಹಾಸನಕ್ಕೆ ಫೋನು ಹಚ್ಚಿದ.

"ಕೇದಾರಪ್ಪ, ನಿಮ್ಮತ್ತೆ ಕಡೆಯೋನು. ಗೌರಮ್ಮಂಗೆ ಟಿಕೆಟ್ ತೆಗೆದ್ರಲ್ಲ, ಯಾವ ಬರ್ತು?"

"ಅಪ್ಪರ್. ಯಾಕೆ ಸಾರ್? ಅದೇ ಕಡಿಮೆ ಬೆಲೆ ಅಂತ ಅವಳೇ ಹೇಳಿದ್ಲು. ಟಿಕೆಟ್ ನನ್ನ ಫೋನಲ್ಲೇ ಇದೆ, ಕಳಿಸ್ತೀನಿ."

ಟಿಕೆಟ್ಟಿನ ಚಿತ್ರ ಬಂತು. ಸರಸ ನೋಡಿದಳು, ಆದರೆ ಅವಳಿಗೆ ಏನೂ ಹೊಳೆಯಲಿಲ್ಲ. ತಲೆಯ ತುಂಬ ನದಿಯೇ ಹರಿಯುತ್ತಿತ್ತು.

"ಈಗ ಮಗಿಗೆ ಮಾಡಿ," ಎಂದ ಚೆನ್ನಯ್ಯ.

ಶ್ರೀಗೌರಿಯ ಮುಖ ತೆರೆಯ ಮೇಲೆ ಬಂತು. ಅತ್ತು ಊದಿದ ಕಣ್ಣು. ಹಾಸ್ಟೆಲಿನ ಸ್ವಾಗತದ ಮೇಜಿನ ಬಳಿ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಕೂತಿದ್ದಳು.

"ಅಮ್ಮಾ, ನೀನು ಬೆಳಿಗ್ಗೆ ಹೇಳ್ದಾಗಿಂದ ರೂಮಿಗೆ ಹೋಗಿಲ್ಲ. ಯಾರು ನೋಡಿದ್ರೂ ಅವನೇ ಅನ್ಸುತ್ತೆ. ಊರಿಗೇ ಟಿಕೆಟ್ ನೋಡ್ತಿದೀನಿ. ತೈನಾನ್‌ಗೂ ವಾಪಸ್ ಹೋಗಲ್ಲ. ನನ್ ಕೈಲಾಗಲ್ಲಮ್ಮ."

"ಮಗಾ," ಚೆನ್ನಯ್ಯ ಬಗ್ಗಿದ. "ರೈಲ್ನಾಗೆ ನಿನ್ ಮ್ಯಾಲಿನ ಬರ್ತ್‌ನಾಗೆ ಯಾರು ಮಲಗಿದ್ರು?"

"ಮೇಲಿನ ಬರ್ತಾ? ಅದರಲ್ಲಿ ನಾನೇ ಇದ್ದೆ. ನನ್ನ ಮೇಲೆ ರೈಲಿನ ಚಾವಣಿ."

"ಕೆಳಗೆ?"

"ಒಬ್ಬ ಅಜ್ಜಿ, ಮೊಮ್ಮಗು. ಬೆಳಿಗ್ಗೆ ನನಗೆ ಕಿತ್ತಳೆ ಕೊಟ್ರು."

"ನಿಮ್ಮಮ್ಮಂಗೆ ಯಾವ ಬರ್ತ್ ಅಂದಿದ್ದೆ?"

ಅವಳು ತಡವರಿಸಿದಳು. "ಕೆಳಗಿಂದು ಅಂತ. ಮೇಲಿಂದ ಬಿದ್ದುಬಿಡ್ತೀಯ ಅಂತ ಅಮ್ಮ ಗಾಬರಿ ಆಗ್ತಾಳೆ... ಸುಳ್ಳು ಹೇಳ್ದೆ. ಸಾರಿ ಅಮ್ಮ."

ಚೆನ್ನಯ್ಯ ಕನ್ನಡಕ ತೆಗೆದು ಜೇಬಿಗಿಟ್ಟ. "ಟಿಕೆಟ್ ಗಿಕೆಟ್ ಏನೂ ತಗೋಬ್ಯಾಡ ಮಗಾ. ಒಂದೆರಡು ಗಂಟೆ ಅಲ್ಲೇ ಕುಂತಿರು."

ಇಬ್ಬರೂ ಅರಕಲಗೂಡಿನ ಬಸ್ಸು ಹತ್ತಿದರು. ಬೆಳಿಗ್ಗೆಯ ಭಯ ಸಾವಿರಾರು ಮೈಲಿ ದೂರದಲ್ಲಿತ್ತು. ಈ ಹೊಸ ಭಯ ಬಸ್ಸಿನ ಒಂದೊಂದು ಸ್ಟಾಪಿಗೂ ಹತ್ತಿರವಾಗುತ್ತಿತ್ತು.

ಸಂಪತ್ಕುಮಾರ ಹಜಾರದಲ್ಲಿ ಕೂತಿದ್ದ. ಅಪರಿಚಿತನನ್ನು ಕಂಡು ಎದ್ದು ನಿಂತ.

"ಕುಂತ್ಕಳಿ ಸಾ. ನಾನು ಚೆನ್ನಯ್ಯ, ಪೊಲೀಸ್ನಾಗಿದ್ದೋನು. ಒಂದ್ ಮಾತು. ಮಗಳು ಹೊರಟಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಆ ಮೊದಲ ಮೆಸೇಜ್ ಬಂದಾಗ. ಇವಳೇ ಹೇಳಿದ್ಲು."

"ರೈಲಿನ ಬರ್ತು?"

"ನಂಗೇನ್ರೀ ಗೊತ್ತು ಅದೆಲ್ಲ?"

ಚೆನ್ನಯ್ಯ ಸರಸಳ ಫೋನನ್ನು ಟೀಪಾಯಿಯ ಮೇಲಿಟ್ಟ.

"ಇದ್ನ ಬರ್ದೋನು ಅವಳ ಮ್ಯಾಲೆ ಮಲಗಿದ್ದೆ ಅಂತಾನೆ ಸಾ. ಆದ್ರೆ ಮ್ಯಾಲೆ ಮಲಗಿದ್ದು ಮಗೀನೇ. ಆ ರೈಲ್ನಾಗೆ ಇದ್ದೋನು ಇಂಗೆ ಬರೆಯಾಕಿಲ್ಲ. ಅಂದ್ರೆ ಅವಳ ಹಿಂದೆ ಯಾರೂ ಇಲ್ಲ. ಕೇದಾರಪ್ಪನೂ ಅಲ್ಲ, ಟಿಕೆಟ್ ತೆಗೆದೋನು ಅವನೇ, ಮ್ಯಾಲಿಂದು ಅಂತ ಅವನಿಗೆ ಗೊತ್ತು. ನಾಗೇಶಂಗೆ ರೈಲೇ ಗೊತ್ತಿಲ್ಲ. ಕೆಳಗಿನ ಬರ್ತ್ ಅನ್ನೋ ಸುಳ್ಳು ಈ ಪರ್ಪಂಚದಾಗೆ ಒಂದೇ ಕಡೆ ಐತೆ. ಟೀಚರಮ್ಮ ಬರೆದಿಟ್ಟ ಹಾಳೇನಾಗೆ. ಅದು ಬೀರುನಾಗೈತೆ. ಪಾಸ್‌ಪೋರ್ಟ್ ಕಾಪಿನೂ ಅಲ್ಲೇ ಐತೆ." ಅವನು ಸ್ವಲ್ಪ ತಡೆದು ಕೇಳಿದ. "ಆ ಇನ್ನೊಂದು ಫೋನ್ ಎಲ್ಲೈತೆ ಸಾ?"

ಸಂಪತ್ಕುಮಾರ ಹೆಂಡತಿಯನ್ನು ನೋಡಲಿಲ್ಲ. ಎದ್ದು ಹೋಗಿ, ಪುಸ್ತಕದ ಕಪಾಟಿನ ಹಿಂದಿನಿಂದ ಹಳೆಯ ಫೋನು ತಂದಿಟ್ಟ.

"ನೀವಾ?" ಸರಸಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಪರದೆ ಸರಿಸಿದೆ ಅಂತ... ಅಪ್ಪ ಆದೋನು ಬರೆಯೋ ಮಾತಾ ಅದು?"

"ಆ ಕಡೆಯೆಲ್ಲ ನಮ್ಮ ಮಕ್ಕಳನ್ನ ಕೂಡಿಹಾಕಿ ದುಡಿಸ್ತಾರೆ ಅಂತ ದಿನಾ ಸುದ್ದಿ ನೋಡ್ತೀನಿ. ಓದೋಕೆ ಅಷ್ಟು ದೂರ ಬೇಡ ಅಂತ ನಾನು ಅಂದಾಗ ನೀವಿಬ್ರೂ ನಕ್ರಿ. ಹಾಳೆ ನೋಡಿದೆ. ಒಬ್ಬಳೇ, ರಾತ್ರಿ ರೈಲು, ದೋಣಿ... ನನ್ನ ಎದೆಯೊಳಗೆ ಇದ್ದದ್ದನ್ನೇ ಬರೆದೆ ಸರಸ. ನೀನೂ ಹೆದರಿದ್ರೆ ಕರೆಸ್ತೀಯ ಅಂತ."

ಅವನ ಕೈ ಈಗಲೂ ನಡುಗುತ್ತಿತ್ತು. ಅದು ನಾಟಕವಲ್ಲವೆಂದು ಅವಳಿಗೆ ಗೊತ್ತಾಯಿತು. ಸಿಟ್ಟು ಅದರಿಂದ ಇನ್ನೂ ಹೆಚ್ಚಾಯಿತು.

ಅವಳು ಮಗಳಿಗೆ ಕರೆ ಮಾಡಿ ಫೋನನ್ನು ಗಂಡನ ಕೈಗಿಟ್ಟಳು. "ನೀವೇ ಹೇಳಿ."

ಸಂಪತ್ಕುಮಾರ ಹೇಳಿದ. ನಾಲ್ಕು ಮಾತಿಗೆ ಹತ್ತು ಸಲ ತಡವರಿಸಿದ.

"ಅಪ್ಪಾ," ಶ್ರೀಗೌರಿಯ ದನಿ ಬಂತು. "ಬೆಳಿಗ್ಗೆಯಿಂದ ಬಚ್ಚಲಿಗೆ ಹೋಗೋಕೂ ಹೆದರಿ ಕೂತಿದೀನಿ."

"ಬಂದ್ಬಿಡಮ್ಮ," ಎಂದ ಅವನು. ಅಳುತ್ತಿದ್ದ.

"ಇಲ್ಲ. ನಾಳೆ ಬಸ್ಸು ಹತ್ತಿ ದೋಣಿಗೆ ಹೋಗ್ತೀನಿ. ಫೋನು ಅಮ್ಮನಿಗೆ ಕೊಡಿ. ನಿಮ್ಮ ಹತ್ರ ನಾನು ಇನ್ನೂ ಸ್ವಲ್ಪ ದಿನ ಮಾತಾಡಲ್ಲ."

ಸರಸ ಫೋನು ತೆಗೆದುಕೊಂಡು ಬಾಗಿಲಾಚೆ ಬಂದಳು. ಚೆನ್ನಯ್ಯ ಆಗಲೇ ಗೇಟು ದಾಟಿದ್ದ.

"ಹೋಗಿ ಮುಖ ತೊಳ್ಕೊಂಡು ಏನಾದ್ರೂ ತಿನ್ನು ಗೌರಿ," ಎಂದಳು. "ನಾನು ಲೈನಲ್ಲೇ ಇರ್ತೀನಿ."